ಕೆಸರಿಗೆ ಇಳಿದ ಬೆಳಕಿನ ಎಳೆ

ಏಳು ದಿನವಾಯಿತು, ಶಿಷ್ಯ ಪಂಪಣ್ಣನ ಯಾವ ಉತ್ತರವೂ ಗುರುವಿಗೆ ಒಪ್ಪಿಗೆಯಾಗಿರಲಿಲ್ಲ.

ಆಶ್ರಮದ ಹಿಂದೆ ಒಂದು ಹೊಂಡ. ಮೇಲಿನ ಗುಡ್ಡದಲ್ಲಿ ಯಾರೋ ಒಂದು ಕಾಲಕ್ಕೆ ಅಣುಶಕ್ತಿಗೆ ಬೇಕಾದ ಅದಿರು ಅಗೆದು, ಹಾಗೇ ಬಿಟ್ಟು ಹೋಗಿದ್ದರು. ಮಳೆ ಬಂದಾಗಲೆಲ್ಲ ಆ ಪುಡಿ ತೊಳೆದುಕೊಂಡು ಬಂದು ಹೊಂಡದ ತಳ ಸೇರುತ್ತಿತ್ತು. ಅದರ ವಿಕಿರಣ ಕಣ್ಣಿಗೆ ಕಾಣುವುದಿಲ್ಲ, ಮೂಗಿಗೆ ಬಡಿಯುವುದಿಲ್ಲ.

ಅದನ್ನು ಹಿಡಿಯಲು ಗುರು ಮರುಳಯ್ಯನವರ ಹತ್ತಿರ ಒಂದು ಎಳೆ ಇತ್ತು. ಕೂದಲಿಗಿಂತ ತುಸು ದಪ್ಪ, ಮೇಲೆ ಕರಿ ಕವಚ. ವಿಕಿರಣ ತಾಗಿದರೆ ಎಳೆಯೊಳಗೆ ಬೆಳಕು ಮಿಂಚುತ್ತದೆ. ದಂಡೆಯ ಮೇಲಿನ ಪೆಟ್ಟಿಗೆ ಆ ಮಿಂಚುಗಳನ್ನು ಎಣಿಸುತ್ತದೆ.

ಕುಂಬಾರ ದ್ಯಾಮವ್ವ ಎರಡು ಕತ್ತೆ, ಖಾಲಿ ಚೀಲ ಕಟ್ಟಿಕೊಂಡು ದಂಡೆಯಲ್ಲಿ ಕೂತಿದ್ದಳು. ಅವಳ ಗಡಿಗೆಗೆ ಈ ಹೊಂಡದ ಮಣ್ಣೇ ಆಗಬೇಕು. ತೆಗೆಯಬಹುದೋ ಬಾರದೋ, ಅದೊಂದು ಮಾತಿಗೆ ದಿನಾ ಬಂದು ಕಾಯುತ್ತಿದ್ದಳು. ಎಳೆ ಇಳಿಸಿ ನೋಡಿ ಹೇಳುವ ಕೆಲಸ ಪಂಪಣ್ಣನದು.

ಮೊದಲ ದಿನ ಪೆಟ್ಟಿಗೆಯ ಅಂಕಿ ಸಾವಿರ ದಾಟಿತ್ತು.

"ವಿಷ! ಮುಟ್ಟಬ್ಯಾಡ ಯವ್ವಾ!" ಎಂದು ಪಂಪಣ್ಣ ಕೂಗಿಕೊಂಡ.

ಮರುಳಯ್ಯನವರು ಹೆಗಲ ಕಂಬಳಿ ತೆಗೆದು ದಂಡೆಯ ಮೇಲಿದ್ದ ಎಳೆಗೆ ಮುಚ್ಚಿದರು. ಅಂಕಿ ಧೊಪ್ಪನೆ ಬಿತ್ತು. ಕಲ್ಲಿಗೆ ಉಜ್ಜಿ ಕವಚ ಹರಿದಿತ್ತು, ಬಿಸಿಲು ಒಳಗೆ ನುಗ್ಗಿತ್ತು.

"ನೀ ಎಣಿಸಿದ್ದು ಸೂರ್ಯನ್ನ. ಮತ್ತ ಇಳಿಸು."

ಮರುದಿನ ಹರಿದಲ್ಲಿಗೆ ಪಟ್ಟಿ ಸುತ್ತಿ ಇಳಿಸಿದ. ಅಂಕಿ ಏಳಲೇ ಇಲ್ಲ. "ಸ್ವಚ್ಛ ಐತ್ರೀ!"

ಮರುಳಯ್ಯನವರು ಎಳೆ ಎತ್ತಿ ನೋಡಿದರು. ತುದಿಯಿಂದ ನೀರು ತೊಟ್ಟಿಕ್ಕಿತು, ಕೆಸರಿನ ಗುರುತಿಲ್ಲ.

"ಆಕಿ ನೀರಿಲೆ ಗಡಿಗಿ ಮಾಡ್ತಾಳೇನು? ಮತ್ತ ಇಳಿಸು."

ಹೀಗೇ ಆರು ದಿನ. "ಮತ್ತ ಇಳಿಸು" ಕೇಳಿ ಕೇಳಿ ಪಂಪಣ್ಣನ ತಲೆ ಚಿಟ್ಟು ಹಿಡಿದಿತ್ತು. ದ್ಯಾಮವ್ವನಿಗೆ ಇಬ್ಬರ ಮೇಲೂ ಸಿಟ್ಟು.

"ಹೂಂ ಅನ್ನೋದೊಂದು, ಉಹೂಂ ಅನ್ನೋದೊಂದು. ಇದಕ್ಕ ಇಷ್ಟುದ್ದ ದಾರ ಬೇಕೇನೋ ತಮ್ಮಾ?"

ಏಳನೇ ದಿನ ಅವನು ಎಳೆಯನ್ನು ಬಿದಿರ ಗಳಕ್ಕೆ ಕಟ್ಟಿ, ಹೊಂಡದ ಮೆಟ್ಟಿಲ ಬುಡದ ಕೆಸರಿಗೆ ಮೊಳದುದ್ದ ಚುಚ್ಚಿ, ಮಧ್ಯಾಹ್ನದ ತನಕ ಅಲ್ಲಾಡದೆ ಕೂತ. ನಿಮಿಷಕ್ಕೆ ಮೂವತ್ತು ಮಿಂಚು. ಆಶ್ರಮದ ಅಂಗಳದ ಒಳ್ಳೆ ಮಣ್ಣಿಗೂ ಅಷ್ಟೇ ಬಂದಿತ್ತು.

"ಈಗರ ಒಪ್ತೀರೋ ಇಲ್ಲೋ ಅಜ್ಜಾರ? ಬಿಸಿಲು ಹೊಕ್ಕಿಲ್ಲ. ತುದಿ ಕೆಸರಾಗೈತಿ. ಇನ್ನೇನು ತಪ್ಪು ಹುಡುಕ್ತೀರಿ?"

"ತಪ್ಪಿಲ್ಲ ಅಂತೀ?"

"ಇಲ್ರೀ! ಒಯ್ಯಲಿ ಆಕಿ ಮಣ್ಣು!"

ಮರುಳಯ್ಯನವರು ದ್ಯಾಮವ್ವನ ಕಡೆ ತಿರುಗಿದರು. "ಮಣ್ಣು ಹೆಂಗ ಹದ ಮಾಡ್ತೀ ಯವ್ವಾ?"

"ಬರಿಗಾಲಿಲೆ ತುಳೀತೀನ್ರೀ. ಅರ್ಧ ದಿನ."

"ಒಂದು ಬುಟ್ಟಿ ತಾ. ಇವತ್ತು ನಾನೂ ತುಳೀತೀನಿ." ಚಪ್ಪಲಿ ಬಿಟ್ಟು ಕಾವಿ ಮೇಲೆತ್ತಿ ಸಿಕ್ಕಿಸಿದರು.

ದ್ಯಾಮವ್ವ ಗುದ್ದಲಿ ಹಿಡಿದು ಎದ್ದಳು. ಮೆಟ್ಟಿಲು ದಾಟಿ, ಹೊಂಡದ ಆಚೆ ಮೂಲೆಯ ಗುಂಡಿಯ ಕಡೆ ನಡೆದಳು.

"ಯವ್ವಾ, ಆ ಕಡೆ ಎಲ್ಲಿಗೆ?" ಅಂದ ಪಂಪಣ್ಣ.

"ಮೆಟ್ಟಿಲ ಹತ್ರ ಉಸುಕು ಕಲತೈತಿ. ಉಸುಕಿಲೆ ಗಡಿಗಿ ಮಾಡ್ತಾರೇನೋ? ಬೆಣ್ಣಿಯಂಥ ಮಣ್ಣು ಕೂಡೋದು ಅಲ್ಲೇ."

ಅದಿರಿನ ಪುಡಿ ಹೆಚ್ಚು ಅಂಟುವುದು ನುಣ್ಣನೆಯ ಮಣ್ಣಿಗೇ ಎಂಬುದು ಪಂಪಣ್ಣನಿಗೆ ಗೊತ್ತಿತ್ತು. ಎಲ್ಲಿಂದ ಮಣ್ಣು ತೆಗೀತಿ ಅಂತ ಏಳು ದಿನದಲ್ಲಿ ಒಮ್ಮೆಯೂ ಅವಳನ್ನು ಕೇಳಿರಲಿಲ್ಲ.

"ನಿಲ್ಲವ್ವಾ!"

ಗಳ, ಪೆಟ್ಟಿಗೆ, ಗುರುವಿನ ಕಂಬಳಿ ಹೊತ್ತು ಓಡಿದ. ಗುಂಡಿಯ ಕೆಸರಿಗೆ ಚುಚ್ಚಿದ. ಅಂಕಿ ಮೂವತ್ತು ದಾಟಿತು, ನೂರು ದಾಟಿತು, ಇನ್ನೂರ ಹತ್ತಕ್ಕೆ ನಿಂತಿತು. ಎಳೆಗೆ ಕಂಬಳಿ ಮುಚ್ಚಿ ನೋಡಿದ. ಇಳಿಯಲಿಲ್ಲ.

"ಈ ಮಣ್ಣು ಬ್ಯಾಡ ಯವ್ವಾ," ಅಂದ, ಮುಖ ಎತ್ತದೆ.

"ಮೊದಲ ದಿನಾನ ನನ್ನ ಒಂದು ಮಾತು ಕೇಳಿದ್ರ, ಇಷ್ಟೊತ್ತಿಗೆ ಬ್ಯಾರೆ ಹಳ್ಳದ ಮಣ್ಣು ತಂದು ಒಂದು ಆವಿಗಿ ಗಡಿಗಿ ಸುಟ್ಟಿರ್ತಿದ್ದೆ!" ದ್ಯಾಮವ್ವ ಖಾಲಿ ಚೀಲಗಳನ್ನು ಕತ್ತೆಯ ಬೆನ್ನಿಗೆ ಬಿಸಾಕಿ ಹೊರಟೇಬಿಟ್ಟಳು.

ಪಂಪಣ್ಣ ಬಂದು ಗುರುವಿನ ಪಾದ ಹಿಡಿದ. "ತಪ್ಪಾತ್ರೀ ಅಜ್ಜಾರ."

ಮರುಳಯ್ಯನವರು ಕಾಲು ಹಿಂದಕ್ಕೆಳೆದುಕೊಂಡರು.

"ನನ್ನ ಕಾಲು ಯಾಕ ಹಿಡೀತಿ? ಆ ಮಣ್ಣು ತುಳಿಯೋ ಕಾಲು ಅಲ್ಲಿ ಹೊಂಟಾವು."