ಪರದೆ ಟೀಚರೂ ಹುಲ್ಲಿಗೆರೆ ಜವರನೂ

ಬಾಯಲ್ಲಿ ಎಲೆಅಡಿಕೆ ಇದ್ದರೆ ಮೊದಲು ಉಗಿದು ಬನ್ನಿ, ಆಮೇಲೆ ನಗುವಾಗ ಪಕ್ಕದವರ ಸೀರೆ ಕೆಡುತ್ತೆ.

ಹುಲ್ಲಿಗೆರೆಯಲ್ಲಿ ದೇವೀರಮ್ಮ ಅಂತ ಒಬ್ಬಳು. ಅವಳಿಗೆ ಜವರ ಅಂತ ಒಬ್ಬನೇ ಮಗ. ಆಳು ಬಾಗಿಲಿಗೆ ತಲೆ ತಾಗುವಷ್ಟು ಎತ್ತರ, ಆ ತಲೆಯೊಳಗೆ ಮಾತ್ರ ಬಾಡಿಗೆಗೆ ಕೊಡುವಷ್ಟು ಜಾಗ ಖಾಲಿ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವುದು ಅವನ ರೋಗ. ಹಾಲು ನೋಡ್ತಾ ಇರು ಅಂದರೆ, ಉಕ್ಕಿ ಒಲೆ ಆರುವ ತನಕ ನೋಡುತ್ತಲೇ ಕೂತಿರುತ್ತಿದ್ದ.

ಇಂಥವನಿಗೆ ಹೆಣ್ಣು ಯಾರು ಕೊಡುತ್ತಾರೆ? ಆ ಚಿಂತೆಯಲ್ಲೇ ದೇವೀರಮ್ಮ ಸೊರಗಿದಳು. ಪಕ್ಕದೂರಿನ ಬೆಟ್ಟೇಗೌಡನ ಮಗಳು ಇಂದ್ರಾಣಿಗೆ ಬಾಯಿ ಜೋರು. ಬಂದ ಗಂಡುಗಳೆಲ್ಲ ಕಾಫಿ ಕುಡಿದು ಓಡಿಹೋಗಿದ್ದರು. ಅದಕ್ಕೇ ಗೌಡ, "ನಿನ್ನ ಮಗ ಒಂದು ಕೆಲಸದಲ್ಲಿ ನಿಲ್ಲಲಿ ದೇವೀರಕ್ಕ, ಹೆಣ್ಣು ತೋರಿಸ್ತೀನಿ" ಅಂದ. ದೇವೀರಮ್ಮ ಹೆಡ್ ಮೇಷ್ಟ್ರು ಶಿವಬಸಪ್ಪನವರ ಬಾಗಿಲಲ್ಲಿ ಸೆರಗೊಡ್ಡಿ ಕೂತು, ಮಗನಿಗೆ ಶಾಲೆಯ ಜವಾನನ ಕೆಲಸ ಕೊಡಿಸಿದಳು.

ಶಾಲೆಗೆ ಆಗತಾನೇ ಗೋಡೆಯಗಲದ ಟಿವಿ ಬಂದಿತ್ತು. ಕಡಲ ಕಡೆಯ ಫಿಲೋಮಿನಾ ಟೀಚರು ತಮ್ಮ ಊರಲ್ಲೇ ನಿಂತು ಇಲ್ಲಿನ ಮಕ್ಕಳಿಗೆ ಪಾಠ ಹೇಳುವುದು, ಮಕ್ಕಳು ಇಲ್ಲಿಂದಲೇ ಪ್ರಶ್ನೆ ಕೇಳುವುದು. ಕೆರೆ ಬಿಟ್ಟು ಬೇರೆ ನೀರು ಕಾಣದ ಮಕ್ಕಳು ಸಮುದ್ರ ನೋಡ್ತವಂತೆ ಅಂತ ಊರೆಲ್ಲ ಅದೇ ಮಾತು.

"ಜವರ, ಟೀಚರು ದೂರದಿಂದ ಬರ್ತಾರೆ. ಮರ್ಯಾದೆಯಾಗಿ ನೋಡ್ಕೋ" ಅಂದರು ಮೇಷ್ಟ್ರು.

ದೂರದಿಂದ ಬಂದವರಿಗೆ ಮೊದಲು ಏನು ಕೊಡಬೇಕು? ಕಾಲಿಗೆ ನೀರು. ಟೀಚರು ಪರದೆಯಲ್ಲಿ ಮೂಡಿ "ನಮಸ್ಕಾರ ಮಕ್ಕಳೇ" ಅಂದದ್ದೇ ತಡ, ಜವರ ಚೊಂಬು ನೀಡಿದ. ತಗೊಳ್ಳಲಿಲ್ಲ. ಪಾಪ, ಕೈ ಬಿಡುವಿಲ್ಲ ಅಂದುಕೊಂಡು ತಾನೇ ಟಿವಿ ಬುಡಕ್ಕೆ ದಬದಬ ಹುಯ್ದ. ಚಟ್ ಅಂತ ಕಿಡಿ ಹಾರಿ ಟೀಚರು ಮಾಯ.

"ಅವರು ಇಲ್ಲಿಲ್ಲ ಕಣೋ, ಬರೀ ಕಾಣ್ತಾರೆ" ಅಂತ ಮೇಷ್ಟ್ರು ಹಣೆ ಚಚ್ಚಿಕೊಂಡರು. "ಮುಂದೆ ನಿಂತು, ನಾನು ಕಾಣ್ತೀನಾ, ಕೇಳಿಸ್ತದಾ ಅಂತ ಕೇಳು. ಉತ್ತರ ಬರದಿದ್ದರೆ ಆರಿಸಿ ಮತ್ತೆ ಹಚ್ಚು."

"ಆಗ್ಲಿ ಸಾ."

ಟಿವಿ ರಿಪೇರಿಗೆ ಹೋಯಿತು. ಅಷ್ಟರಲ್ಲಿ ಊರಿನ ಮುದುಕ ಚಲುವಯ್ಯ ತೀರಿಕೊಂಡ. ಸೊಸೆಯರು ಒಂದು ಕಣ್ಣಲ್ಲಿ ಅಳುತ್ತಾ, ಇನ್ನೊಂದು ಕಣ್ಣಲ್ಲಿ ಅತ್ತೆಯ ಓಲೆ ನೋಡುತ್ತಾ ಕೂತಿದ್ದರು. ಜವರನೂ ಹೋದ. ಚಲುವಯ್ಯ ಕಣ್ಣಮುಂದೆಯೇ ಮಲಗಿದ್ದಾನೆ, ಎಲ್ಲರೂ ಅವನಿಲ್ಲ ಅವನಿಲ್ಲ ಅಂತ ಅಳುತ್ತಾರೆ. ಅಲ್ಲಿಗೆ ಇದೂ ಟೀಚರ ಹಾಗೇ, ಇಲ್ಲಿಲ್ಲ, ಬರೀ ಕಾಣ್ತಾನೆ.

"ಚಲುವಯ್ಯಣ್ಣ, ನಾನು ಕಾಣ್ತೀನಾ? ಕೇಳಿಸ್ತದಾ?"

ಉತ್ತರವಿಲ್ಲ. ತಲೆದೆಸೆಯಲ್ಲಿ ದೀಪ ಉರಿಯುತ್ತಿತ್ತು, ಹೆಣ ಎತ್ತುವ ತನಕ ಆರಬಾರದ ದೀಪ. ಜವರ ಉಫ್ ಅಂತ ಊದಿ ಆರಿಸಿದ. ಕಡ್ಡಿ ಗೀರಿ ಮತ್ತೆ ಹಚ್ಚಿದ. "ಈಗ?" ಅಂತ ಬಗ್ಗಿ ಮುದುಕನ ಮುಖ ನೋಡಿದ.

ಚಲುವಯ್ಯನ ಮಕ್ಕಳು ಊರ ಬಾಗಿಲ ತನಕ ಅಟ್ಟಿಸಿಕೊಂಡು ಬಂದರು.

"ಬೆಟ್ಟೇಗೌಡನ ಕಿವಿಗೆ ಬಿದ್ದರೆ ಹೆಣ್ಣು ಕೊಟ್ಟ ಹಾಗೇ" ಅಂತ ದೇವೀರಮ್ಮ ಗೋಳಾಡಿದಳು. "ಅಲ್ಲಾಡದೆ ಮಾತಾಡದೆ ಇರೋರ ಮುಂದೆ ಹಾಗೆ ಆಡ್ತಾರೇನೋ? ಒಂದು ಹಾರ ಹಾಕಬೇಕು, ಊದುಬತ್ತಿ ಹಚ್ಚಬೇಕು, ಹೋಗಿಬಿಟ್ಟಿರಲ್ಲ ಅಂತ ಕಣ್ಣೀರು ಹಾಕಬೇಕು."

"ಆಗ್ಲಿ ಕಣವ್ವ."

ಟಿವಿ ವಾಪಸು ಬಂತು. ಫಿಲೋಮಿನಾ ಟೀಚರು ಮರಳ ಮೇಲೆ ನಿಂತು ಏಡಿ ಎತ್ತಿ ಹಿಡಿದರು. "ಮಕ್ಕಳೇ, ಇದು ಅಡ್ಡಡ್ಡ ಯಾಕೆ ನಡೀತದೆ..." ಅಂದವರು ತೆರೆದ ಬಾಯಿ ತೆರೆದ ಹಾಗೇ ನಿಂತುಬಿಟ್ಟರು. ಹಿಂದೆ ಅಲೆಯೂ ನಿಂತಿತು. ಮೇಷ್ಟ್ರು ಆಫೀಸಿನಲ್ಲಿದ್ದರು. ಜವರ ಗೋಡೆಯ ಸರಸ್ವತಿ ಪಟದ ಹಾರ ಬಿಚ್ಚಿ ಟೀಚರಿಗೆ ಹಾಕಿದ, ಊದುಬತ್ತಿ ಸಿಕ್ಕಿಸಿದ. "ಪಾಠ ಅರ್ಧಕ್ಕೇ ಬಿಟ್ಟು ಹೋಗಿಬಿಟ್ಟಿರಲ್ಲ ನನ್ನವ್ವ" ಅಂತ ರಾಗ ಎಳೆದ. ಮಕ್ಕಳೂ ಹೋ ಅಂತ ಶುರುಮಾಡಿದವು.

ಅಷ್ಟರಲ್ಲಿ ಟೀಚರು ಅಲ್ಲಾಡಿದರು. "ಯಾಕೆ ಅಳ್ತಿದೀರಿ? ಯಾರು ತೀರಿಕೊಂಡದ್ದು?"

"ನೀವೇ ಟೀಚರ್" ಅಂದಳು ಮುಂದೆ ಕೂತ ಹುಡುಗಿ.

ಅಳು ಕೇಳಿ ಆಫೀಸಿನಿಂದ ಓಡಿಬಂದ ಮೇಷ್ಟ್ರು ಹಾರ ಕಿತ್ತು ತೆಗೆದರು. "ಅದು ಸಾವಲ್ಲವೋ, ನೆಟ್ ನಿಂತದ್ದು. ಅಲ್ಲಾಡದೆ ನಿಂತರೆ ಅಳಬೇಡ. ಹಿಂದುಗಡೆ ಹೋಗು, ಇಳಿಬಿದ್ದಿರೋ ಕರೀ ವೈರು ಹಿಡಿದು ಒಂದು ಸಲ ಜಗ್ಗು. ಚಿತ್ರವೂ ಬರ್ತದೆ, ಶಬ್ದವೂ ಬರ್ತದೆ. ಇನ್ನೊಂದು ತಪ್ಪು ಮಾಡಿದರೆ ನಿನಗಿಲ್ಲಿ ಕೆಲಸವಿಲ್ಲ."

ಆಶ್ಚರ್ಯ ಅಂದರೆ, ಆಮೇಲೆ ಎಲ್ಲ ಸರಿಹೋಯಿತು. ಪರದೆ ನಿಂತಾಗೆಲ್ಲ ಜವರ ಹಿಂದೆ ಹೋಗಿ ವೈರು ಜಗ್ಗುವನು, ಟೀಚರು ಮಾತಾಡುವರು. ಏಡಿಯ ಕಾಲು ಪಕ್ಕಕ್ಕೇ ಮಡಿಚುವುದು ಅಂತ ಮಕ್ಕಳು ಕಲಿತು ಅಂಗಳದಲ್ಲೆಲ್ಲ ಅಡ್ಡಡ್ಡ ಓಡಾಡಿದವು. ಅಪರೂಪಕ್ಕೆ ಮೇಷ್ಟ್ರೇ "ಭೇಷ್" ಅಂದರು. ಬೆಟ್ಟೇಗೌಡನಿಂದ ಕರೆ ಬಂತು.

"ಅಲ್ಲಿ ಒಂದು ಮಾತೂ ಆಡಬೇಡ" ಅಂತ ದೇವೀರಮ್ಮ ಮಗನಿಗೆ ಹೇಳಿದಳು. "ಅವರು ಹೋಗೋ ತನಕ ಬಾಯಿ ಬಿಡಬೇಡ, ತಲೆ ಎತ್ತಬೇಡ" ಅಂತ ಆ ಕಡೆ ಇಂದ್ರಾಣಿಗೆ ಅವಳ ತಾಯಿ ಹೇಳಿದ್ದಳು.

ಇಂದ್ರಾಣಿ ಕಾಫಿ ತಟ್ಟೆ ಹಿಡಿದು ನಡುಮನೆಗೆ ಬಂದು ನಿಂತಳು.

"ಏನವ್ವ ನಿನ್ನ ಹೆಸರು?" ಅಂದಳು ದೇವೀರಮ್ಮ. ಮಾತಿಲ್ಲ.

"ಅಡುಗೆ ಬರ್ತದಾ?" ಮಾತಿಲ್ಲ. ರೆಪ್ಪೆಯೂ ಅಲ್ಲಾಡಲಿಲ್ಲ.

ಜವರನಿಗೆ ಜೀವ ಚಡಪಡಿಸಿತು. ಇಷ್ಟು ಜನ ಕೂತಿದ್ದಾರೆ, ಒಬ್ಬರಾದರೂ ಏಳಬಾರದಾ? ಮಾತಾಡಬೇಡ ಅಂದಿದ್ದಾಳೆ ಅವ್ವ, ಮಾತಾಡಲಿಲ್ಲ. ಮೆಲ್ಲಗೆ ಎದ್ದು ಹುಡುಗಿಯ ಹಿಂದುಗಡೆ ಹೋದ. ಸೊಂಟದ ತನಕ ಇಳಿಬಿದ್ದಿತ್ತು, ಕರ್ರಗೆ, ಎಣ್ಣೆ ಹಚ್ಚಿ ಹೆಣೆದ ಜಡೆ.

ಹಿಡಿದು ಜಗ್ಗಿದ.

ತಟ್ಟೆ ಹಾರಿ ಕಾಫಿಯೆಲ್ಲ ಬೆಟ್ಟೇಗೌಡನ ಬಿಳೀ ಪಂಚೆ ಮೇಲೆ ಬಿತ್ತು. ಇಂದ್ರಾಣಿ ತಿರುಗಿದವಳೇ ಜವರನ ಕೆನ್ನೆಗೆ ಒಂದು ಬಿಟ್ಟಳು. "ನಿನ್ನ ಕೈ ಸೇದೋಗ, ನಿನ್ನ ಮುಖಕ್ಕೆ ಮಣ್ಣು ಹಾಕ" ಅಂತ ಶುರುಮಾಡಿದ್ದು ಅಟ್ಟದ ಪಾತ್ರೆ ನಡುಗಿದರೂ ನಿಲ್ಲಲಿಲ್ಲ. ದೇವೀರಮ್ಮ ಮುಖದ ತುಂಬ ಸೆರಗು ಮುಚ್ಚಿಕೊಂಡಳು.

ಜವರ ಕೆನ್ನೆ ಹಿಡಿದುಕೊಂಡೇ ಮುಖ ಅರಳಿಸಿದ.

"ಬಂತು ಕಣವ್ವ. ಚಿತ್ರವೂ ಬಂತು, ಶಬ್ದವೂ ಬಂತು. ಈಗ ಕೇಳು ಹೆಸರು."