ರಾಕ್ಷಸನಿಗೆ ಊಟ ಆತೇನು

ಕೇಳಿರಿ, ನಗು ಬಂದಲ್ಲಿ ತಡೆಯಬೇಡಿರಿ. ಫಕೀರವ್ವನಿಗೆ ಒಬ್ಬನೇ ಮಗ, ಯಮನಪ್ಪ. ಮೀಸೆ ಬಂದಿತ್ತು, ಬುದ್ಧಿ ಬಂದಿರಲಿಲ್ಲ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು, ಅದೇ ಅವನ ರೋಗ. ಗಿರಣಿಯವರು ಬೇಡವೆಂದು ಕಳಿಸಿದರು, ಚಹಾದಂಗಡಿಯವರೂ ಕಳಿಸಿದರು. ನಾನು ಹೋದ ಮೇಲೆ ಇವನ ಜೊತೆ ಯಾರಾದರೂ ಕೂರುತ್ತಾರೆಯೇ ಎಂಬುದೇ ಅವ್ವನ ಚಿಂತೆ.

ಟೇಲರ್ ಹನೀಫಣ್ಣನ ಅಂಗಡಿಯಲ್ಲಿ ಭಾನುವಾರ ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಒಂದು ಆಟ ನಡೆಯುತ್ತಿತ್ತು. ಸೀಮೆಸುಣ್ಣದಲ್ಲಿ ಕಾಡು, ಕೋಟೆ ಬರೆಯುವುದು. ಒಬ್ಬೊಬ್ಬರಿಗೆ ಅಂಗಿಯ ಒಂದೊಂದು ಗುಂಡಿ, ಅದೇ ಅವರ ವೀರ. ಹನೀಫಣ್ಣ ಕತೆ ಹೇಳುತ್ತ ರಾಕ್ಷಸರನ್ನು ಆಡಿಸುವವನು. ಕಾಳಗ ಬಂದರೆ ಎಲ್ಲರೂ ದಾಳ ಹಾಕಬೇಕು, ಹೆಚ್ಚು ಬಿದ್ದವನ ಏಟು ಮೊದಲು. ಫಕೀರವ್ವ ಕೈಮುಗಿದು ಮಗನನ್ನು ಅಲ್ಲಿ ಕೂರಿಸಿ ಬಂದಳು.

ದಾಳ ಹಾಕುವ ಮೊದಲೇ ಯಮನಪ್ಪ ಕಡಿದೆ, ಕಡಿದೆ ಎಂದು ಎಲ್ಲರ ಗುಂಡಿ ಚೆಲ್ಲಾಡಿದ. "ನಿನ್ನ ಪಾಳಿ ಬರೂತನಕ ಸುಮ್ನ ಕುಂದ್ರೋ," ಎಂದು ಹನೀಫಣ್ಣ ಬೈದ. ಆಗಲಿ ಎಂದ. ಮನೆಗೆ ಬಂದರೆ ಒಲೆಯ ಮೇಲೆ ಹಾಲು ಉಕ್ಕುತ್ತಿತ್ತು. ಯಮನಪ್ಪ ನೋಡುತ್ತ ಕೂತ. ಹಾಲಿಟ್ಟವಳು ಅವ್ವ, ಪಾಳಿ ಅವಳದು. ಹಾಲೆಲ್ಲ ಬೂದಿಪಾಲಾಯಿತು. ಕಂಡ ತಕ್ಷಣ ಕೂಗಬಾರದೇನೋ ಎಂದು ಅವ್ವ ಬೈದಳು.

ಆಗಲಿ ಎಂದ. ಮುಂದಿನ ವಾರ ವೀರರೆಲ್ಲ ಬೆಕ್ಕಿನ ಹೆಜ್ಜೆಯಿಟ್ಟು, ಮಲಗಿದ್ದ ಕಳ್ಳರ ಗುಹೆ ಹೊಕ್ಕರು. ಅರಿವಿಲ್ಲದೆ ಸಿಕ್ಕಿಬಿದ್ದವರು ಮೊದಲ ಸುತ್ತಿನಲ್ಲಿ ಕೈ ಎತ್ತುವ ಹಾಗಿಲ್ಲ, ಅದು ಆಟದ ಕಟ್ಟಳೆ. ಇನ್ನೇನು ಗೆದ್ದೆವು ಎನ್ನುವಾಗ ಯಮನಪ್ಪ ಕಂಡ ತಕ್ಷಣ ಕೂಗಿದ. ಕಳ್ಳರು ಎದ್ದರು, ಕತ್ತಿ ಹಿರಿದರು, ದಾಳವೂ ಅವರಿಗೇ ಒಲಿಯಿತು. ವೀರರು ಕುಂಟುತ್ತ ಓಡಿದರು. ಸದ್ದಿಲ್ಲದೆ ಹಿಂದಿನಿಂದ ಹೋಗಿ ಬಾರಿಸಬೇಕೆಂದು ಎಲ್ಲರೂ ಬೈದರು. ಇನ್ನೊಂದು ಸಲ ಹೀಗಾದರೆ ಬರಲೇಬೇಡ ಎಂದ ಹನೀಫಣ್ಣ.

ಆಗಲಿ ಎಂದ. ಮನೆಗೆ ಬಂದರೆ ಸೋದರಮಾವ ಕಟ್ಟೆಯ ಮೇಲೆ ಕೂತಿದ್ದ. ಯಮನಪ್ಪ ಸದ್ದಿಲ್ಲದೆ ಹಿಂದಿನಿಂದ ಹೋದ. ಮುಂದಿನದನ್ನು ಮಾವನ ಬೆನ್ನೇ ಹೇಳಬೇಕು. ಫಕೀರವ್ವ ಹಣೆ ಚಚ್ಚಿಕೊಂಡಳು. "ಯಾರರ ಕಂಡ್ರ ಮೊದ್ಲು ಊಟ ಆತೇನಂತ ಕೇಳ್ಬೇಕೋ ತಮ್ಮಾ."

ಆಗಲಿ ಎಂದ. ಮುಂದಿನ ಭಾನುವಾರ ಹನೀಫಣ್ಣ ಕೋಟಿನ ದೊಡ್ಡ ಕರಿ ಗುಂಡಿಯೊಂದನ್ನು ಮೇಜಿನ ನಡುವೆ ಇಟ್ಟ. ಅದು ಊರೂರು ನುಂಗಿದ ರಾಕ್ಷಸ ಎಂದ. ದಾಳ ಹಾಕಿದರು. ಹೆಚ್ಚು ಬಿದ್ದದ್ದು ಯಮನಪ್ಪನಿಗೆ. ಎಲ್ಲರೂ ತಲೆಯ ಮೇಲೆ ಕೈಹೊತ್ತರು. ಅವನು ತನ್ನ ಗುಂಡಿಯನ್ನು ರಾಕ್ಷಸನ ಎದುರು ಸರಿಸಿ ಕೇಳಿದ: "ಯಪ್ಪಾ, ಊಟ ಆತೇನು?"

ಹನೀಫಣ್ಣ ಇಷ್ಟು ವರ್ಷ ಆಡಿಸಿದರೂ ರಾಕ್ಷಸನನ್ನು ಯಾರೂ ಹೀಗೆ ಕೇಳಿರಲಿಲ್ಲ. "ಇಲ್ಲಪ್ಪಾ," ಅಂದವನು ನಕ್ಕೇಬಿಟ್ಟ. ರಾಕ್ಷಸ ಬೆಪ್ಪಾದ, ಈ ಸುತ್ತು ಅವನ ಕೈ ಏಳುವುದಿಲ್ಲ ಎಂದು ತೀರ್ಪು ಕೊಟ್ಟ. ಗೆಳೆಯರು ಯಮನಪ್ಪನ ಬೆನ್ನು ತಟ್ಟಿ ಚಹಾ ತರಲು ಎದ್ದರು, ಹನೀಫಣ್ಣನೂ ಹೋದ. ಬಂದು ನೋಡಿದರೆ ಯಮನಪ್ಪನೂ ಇಲ್ಲ, ರಾಕ್ಷಸನೂ ಇಲ್ಲ.

ಮಗ ಅರ್ಧಕ್ಕೇ ಬಂದದ್ದು ಕಂಡು ಫಕೀರವ್ವ, ಅಲ್ಲಿಂದಲೂ ಕಳಿಸಿದರು ಅಂದುಕೊಂಡಳು. ಅವನು ತಾಟು ಇಟ್ಟು, ಅದರ ಮುಂದೆ ಕರಿ ಗುಂಡಿ ಕೂರಿಸಿ, "ರೊಟ್ಟಿ ಹಾಕವ್ವಾ, ಊಟ ಆಗಿಲ್ಲಂತ," ಅಂದ. ಅಷ್ಟರಲ್ಲಿ ಹನೀಫಣ್ಣ ಬಾಗಿಲಿಗೆ ಬಂದ, ಹಿಂದೆ ಆಟದವರೆಲ್ಲ. ಇದೊಂದು ಸಲ ಹೊಟ್ಟೆಗೆ ಹಾಕಿಕೊಳ್ಳಿ ಎಂದು ಅವಳು ಕೈಮುಗಿದಳು.

"ಅಂವನ್ನ ಬೈಯಾಕ ಬಂದಿಲ್ಲ ಬೇ ಅಕ್ಕಾ," ಅಂದ ಹನೀಫಣ್ಣ. "ಇನ್ನೂ ಅಂವಂದ ಪಾಳಿ. ಅಂವ ಇಲ್ದ ಆಟ ಮುಂದ ಹೋಗಂಗಿಲ್ಲ."

ಎಲ್ಲರೂ ತಾಟಿನ ಸುತ್ತ ಕೂತರು. ಫಕೀರವ್ವ ಸೆರಗಿನಿಂದ ಕಣ್ಣೊರೆಸಿಕೊಂಡು ರೊಟ್ಟಿ ತಂದಳು. ತಡೆ ಅವ್ವಾ, ದಾಳ ಹಾಕದೆ ಬಡಿಸುವ ಹಾಗಿಲ್ಲ ಎಂದ ಯಮನಪ್ಪ. ಹಾಕಿದರು. ಗುಂಡಿಯ ಪರವಾಗಿ ಹನೀಫಣ್ಣನೂ ಹಾಕಿದ. ಹೆಚ್ಚು ಬಿದ್ದದ್ದು ಕರಿ ಗುಂಡಿಗೆ, ಮೊದಲ ಬಿಸಿ ರೊಟ್ಟಿಯೂ ಅದಕ್ಕೇ.