ದೇಸಾಯರ ಫಾರಸಿ ಪಾಠ

ಯಾರೇ ಮಾತಾಡಲಿ, ನಡುವೆ ಕೈಯೆತ್ತಿ ತಪ್ಪು ತಿದ್ದುವುದು ದೇಸಾಯಿ ಬಸವಂತರಾಯರ ಚಾಳಿ. ಪುರಾಣ ಹೇಳಲು ಬಂದ ಶಾಸ್ತ್ರಿಗಳನ್ನೂ ಬಿಟ್ಟವರಲ್ಲ. ದೇಸಾಯರ ತಪ್ಪನ್ನು ಮಾತ್ರ ಯಾರೂ ಎತ್ತಿ ತೋರಿಸುವಂತಿರಲಿಲ್ಲ.

ಒಮ್ಮೆ, ಫಾರಸಿ ಆಡುವ ಸುಲ್ತಾನರ ರಾಯಭಾರಿ ದೀಪಾವಳಿಗೆ ಬರುವ ಸುದ್ದಿ ಬಂತು. ಕುದುರೆ ವ್ಯಾಪಾರಿಗಳ ಜೊತೆ ತಿರುಗಿ ಫಾರಸಿ ಕಲಿತಿದ್ದ ಲಾಯದ ಆಳನ್ನು ದೇಸಾಯರು ಕರೆಸಿದರು.

"ದೀಪಾವಳಿ ಒಳಗ ನನಗ ಫಾರಸಿ ಬರಬೇಕು. ಬರಲಿಲ್ಲಂದ್ರ ನೀ ಊರು ಬಿಡಬೇಕು. ನನ್ನ ಮಾತು ತಪ್ಪು ಅಂದ್ಯೋ, ಅವತ್ತೇ ಬಿಡಬೇಕು."

ತಿದ್ದದೆ ಕಲಿಸುವುದು ಹೇಗೆ? ಆಳು ತಲೆ ಕೆರೆದುಕೊಂಡ. ಆಮೇಲೆ ಕೈಮುಗಿದ.

"ಧಣೀ, ನನ್ನ ಫಾರಸಿಗೇ ತುಕ್ಕು ಹಿಡದೈತಿ. ಮುಂಜಾನೆ ಸರಿ ಹೇಳ್ತೀನಿ, ಸಂಜೀಕ ಮರೀತೀನಿ. ತಪ್ಪು ಹಿಡಿಯಾಕ ನಿಮ್ಮಂಥವರ ಬೇಕು."

ದೇಸಾಯರ ಮೀಸೆ ಅರಳಿತು.

ಅಂದಿನಿಂದ ಬೆಳಿಗ್ಗೆ ಹೇಳಿದ ಮಾತನ್ನು ಆಳು ಸಂಜೆ ಬೇಕೆಂದೇ ಕೆಡಿಸುತ್ತಿದ್ದ. ಅದನ್ನು ಹಿಡಿಯುವ ಆಸೆಗೆ ದೇಸಾಯರು ಸ್ನಾನ ಮಾಡುವಾಗಲೂ ಉಣ್ಣುವಾಗಲೂ ಅದೇ ಮಾತನ್ನು ಮೆಲುಕು ಹಾಕುತ್ತಿದ್ದರು.

"ಮತ್ತ ತಪ್ಪಿದಿ, ಮಂಕೇ. ಹಿಂಗ ಅನ್ನು," ಎಂದು ಗಂಟಲು ಹರಿಯುವಂತೆ ಹೇಳಿಕೊಡುತ್ತಿದ್ದರು.

ರಾಯಭಾರಿ ಬಂದಾಗ ದೇಸಾಯರು ನೀರು ಕುಡಿದಷ್ಟು ಸಲೀಸಾಗಿ ಫಾರಸಿ ಆಡಿದರು. ಅವನು ತಲೆದೂಗಿ, ಗುರು ಯಾರೆಂದು ಕೇಳಿದ. ದೇಸಾಯರು ಪಕ್ಕದಲ್ಲಿ ನಿಂತಿದ್ದ ಆಳಿನತ್ತ ಕೈ ತೋರಿದರು.

"ಗುರು ಎಲ್ಲಿಂದ ಬರಬೇಕು? ಈ ದಡ್ಡಗ ಕಲಿಸಿ ಕಲಿಸಿ ನನಗ ಬಂತು. ಇವಗ ಇನ್ನೂ ಬಂದಿಲ್ಲ."

"ಖರೆ, ಧಣಿ," ಎಂದ ಆಳು.

ಆಳು ಹೊರಬರುವಾಗ ಬಾಗಿಲ ಮರೆಯಲ್ಲಿ ದೇಸಾಯರ ಹೆಂಡತಿ ನಿಂತಿದ್ದರು. ಸೆರಗಿನಲ್ಲಿ ನಗು ಮುಚ್ಚಿಕೊಂಡು ಮೆಲ್ಲಗೆ ಕೇಳಿದರು:

"ಹಂಗ ಅವರಿಗೆ ಇನ್ನೊಂದು ಮಾತು ಕಲಿಸಪ್ಪಾ. 'ನಂದು ತಪ್ಪಾತು' ಅನ್ನೂದು. ಕನ್ನಡದಾಗ ಸಾಕು."

ಆಳು ಮುಂಡಾಸು ಸರಿಮಾಡಿಕೊಂಡು ಲಾಯದ ದಾರಿ ಹಿಡಿದ.